ಸಂಖ್ಯೆಯ ಗುಣ, ಬರಹದ ಗುಣ

ಐಚ್ಛಿಕ ಕನ್ನಡ, ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವ ಅಂತಿಮ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಸಂಖ್ಯೆಗಳ ವಿಷಯವಾಗಿ ಬರೆಯಹೊರಟರೆ ಗಣಿತ ವಿಭಾಗದ ಗುರುಗಳು ಮುಗುಳುನಗುವುದೂ, ಗೆಳತಿಯರು ಪುಟ ಮಗುಚಿ ಮುಂದಿನ ಕವನಕ್ಕೆ ಹೋಗುವುದೂ ಸಹಜವೇ. ಇಬ್ಬರಲ್ಲಿಯೂ ನನ್ನ ಪ್ರಾರ್ಥನೆ ಒಂದೇ: ಸ್ವಲ್ಪ ತಾಳ್ಮೆಯಿಂದ ಓದಬೇಕು. ನಾನು ಹೇಳಬೇಕೆಂದಿರುವ ಮಾತು ಪ್ರಾಥಮಿಕ ಶಾಲೆಯ ಕೂಡುವ, ಗುಣಿಸುವ, ಭಾಗಿಸುವ ಲೆಕ್ಕಕ್ಕಿಂತ ಹೆಚ್ಚಿನ ಗಣಿತವನ್ನು ಬೇಡುವುದಿಲ್ಲ. ಆದರೆ ಆ ಮಾತು ತಿಳಿಯದಿರುವ ಕಾರಣದಿಂದ ನಮ್ಮಂಥವರ ಮನೆಗಳಿಂದ ಹಣ ಹೊರಗೆ ಹೋಗುತ್ತಿದೆ, ಭಯ ಒಳಗೆ ಬರುತ್ತಿದೆ. ಆದುದರಿಂದ ಅದನ್ನು ಗಣಿತದ ವಿದ್ಯಾರ್ಥಿಗಳಿಗೆ ಮಾತ್ರ ಬಿಟ್ಟುಕೊಡುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಮಾತು ಇಷ್ಟೇ: ಸಂಖ್ಯೆ ಬೇರೆ, ಸಂಖ್ಯೆಯ ಬರಹ ಬೇರೆ. ಸಂಖ್ಯೆಗೆ ಸೇರಿದ ಗುಣಗಳು ಕೆಲವು. ಅದನ್ನು ಬರೆಯುವ ಪದ್ಧತಿಗೆ ಸೇರಿದ ಗುಣಗಳು ಕೆಲವು. ಮನುಷ್ಯನ ಗುಣವನ್ನೂ ಅವನು ತೊಟ್ಟ ಅಂಗಿಯ ಗುಣವನ್ನೂ ಒಂದೆಂದು ಭಾವಿಸಿದರೆ ಎಂಥ ಅನರ್ಥವಾಗುವುದೋ, ಇವೆರಡನ್ನೂ ಕಲಸಿದರೆ ಅಂಥದೇ ಅನರ್ಥವಾಗುತ್ತದೆ.

ನಾವು 26 ಎಂದು ಬರೆಯುವಾಗ ಏನು ಮಾಡುತ್ತೇವೆಂಬುದನ್ನು ಮೊದಲು ನೋಡೋಣ. ಎರಡು ಹತ್ತುಗಳನ್ನು ಎಡಗಡೆಗೆ, ಉಳಿದ ಆರು ಬಿಡಿಗಳನ್ನು ಬಲಗಡೆಗೆ ಇಡುತ್ತೇವೆ. ಹತ್ತರ ಕಟ್ಟು, ಹತ್ತು ಹತ್ತರ ನೂರು, ಹತ್ತು ನೂರರ ಸಾವಿರ. ಇದೇ ದಶಮಾನ ಪದ್ಧತಿ. ಸೊನ್ನೆಯೊಡಗೂಡಿದ ಈ ಪದ್ಧತಿ ಭಾರತದಲ್ಲಿ ಹುಟ್ಟಿ, ಅರಬರ ಮೂಲಕ ಯೂರೋಪಿಗೆ ಹೋಗಿ, ಇಂದು ಲೋಕವನ್ನೆಲ್ಲ ಆಳುತ್ತಿದೆ. ಅದು ನಮಗೆ ಹೆಮ್ಮೆಯ ವಿಷಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಟ್ಟು ಹತ್ತರದೇ ಏಕಾಯಿತು? ನಮಗೆ ಹತ್ತು ಬೆರಳುಗಳಿವೆ ಎಂಬುದಕ್ಕಿಂತ ಗಹನವಾದ ಕಾರಣ ಇದ್ದಂತೆ ತೋರುವುದಿಲ್ಲ. ಬೆರಳು ನಮ್ಮದು, ಸಂಖ್ಯೆಯದಲ್ಲ.

ಅದೇ ಕೈಯಿಂದ ಬೇರೆ ಬಗೆಯಾಗಿಯೂ ಎಣಿಸಬಹುದು. ನಮ್ಮಜ್ಜಿ ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳುಗಳ ಗೆಣ್ಣುಗಳನ್ನು ಮುಟ್ಟುತ್ತ ಎಣಿಸುತ್ತಾಳೆ. ಬೆರಳಿಗೆ ಮೂರು ಗೆಣ್ಣಿನಂತೆ ನಾಲ್ಕು ಬೆರಳಿಗೆ ಹನ್ನೆರಡು. ಒಂದು ಸುತ್ತು ಮುಗಿದರೆ ಎಡಗೈಯ ಒಂದು ಬೆರಳು ಮಡಿಸುತ್ತಾಳೆ. ಐದು ಬೆರಳೂ ಮಡಿದರೆ ಅರವತ್ತು. ಅರವತ್ತರ ಲೆಕ್ಕ ಅಜ್ಜಿಯೊಬ್ಬಳದಲ್ಲ. ಬ್ಯಾಬಿಲೋನಿಯದವರು ಅರವತ್ತರ ಕಟ್ಟಿನಲ್ಲಿಯೇ ಬರೆಯುತ್ತಿದ್ದರು. ಗಂಟೆಗೆ ಅರವತ್ತು ನಿಮಿಷ, ನಿಮಿಷಕ್ಕೆ ಅರವತ್ತು ಸೆಕೆಂಡು ಎಂಬ ಲೆಕ್ಕ ಅವರಿಂದಲೇ ಇಳಿದು ಬಂದುದು. ನಮ್ಮ ಪಂಚಾಂಗದ ಸಂವತ್ಸರಗಳೂ ಅರವತ್ತು. ಇನ್ನು ನಾಣ್ಯದ ವಿಷಯ. 1957ನೆಯ ಇಸವಿ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಜಾರಿಗೆ ಬರುವವರೆಗೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ; ರೂಪಾಯಿಗೆ 192 ಪೈ. ಅಂದಿನ ಅಂಗಡಿಯಾತನಿಗೆ 26 ಆಣೆ ಎಂದರೆ ಇಪ್ಪತ್ತಾರಲ್ಲ, ‘ಒಂದು ರೂಪಾಯಿ ಹತ್ತಾಣೆ’. ನಾಣ್ಯ ಹೋದರೂ ಮಾತು ಹೋಗಲಿಲ್ಲ. ಇಪ್ಪತ್ತೈದು ಪೈಸೆಯ ನಾಣ್ಯವೇ 2011ರಲ್ಲಿ ಚಲಾವಣೆಯಿಂದ ಹೋದರೂ ಅದರ ಹೆಸರು ನಮ್ಮ ಹಿರಿಯರ ಬಾಯಲ್ಲಿ ‘ನಾಲ್ಕಾಣೆ’ಯಾಗಿಯೇ ಉಳಿದಿದೆ, ಪೂರ್ಣ ಸತ್ಯ ಇಂದಿಗೂ ‘ಹದಿನಾರಾಣೆ ಸತ್ಯ’ವೇ!

ನನ್ನ ತಾಯಿ ಸಂತೆಯಲ್ಲಿಯೂ ಜಾತ್ರೆಯಲ್ಲಿಯೂ ಬಳೆ ಮಾರುತ್ತಾಳೆ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಹನ್ನೆರಡರ ಕಟ್ಟಿನಲ್ಲಿ ಅವಳಷ್ಟು ಚುರುಕಾಗಿ ಲೆಕ್ಕ ಮಾಡುವವರನ್ನು ನಾನು ಈ ಕಾಲೇಜಿನಲ್ಲಿ ಕಂಡಿಲ್ಲ. ಹನ್ನೆರಡು ಬಳೆ ಒಂದು ಡಜನ್, ಹನ್ನೆರಡು ಡಜನ್ ಒಂದು ಗ್ರೋಸು, ಅಂದರೆ 144 ಬಳೆ. 26 ಬಳೆ ಎಂದರೆ ಅವಳ ಮನಸ್ಸಿನಲ್ಲಿ ಎರಡು ಡಜನ್, ಮೇಲೆ ಎರಡು. ಅವಳು ಬರೆಯಬಲ್ಲವಳಾಗಿದ್ದರೆ, ಡಜನ್ನುಗಳನ್ನು ಎಡಕ್ಕೂ ಬಿಡಿಗಳನ್ನು ಬಲಕ್ಕೂ ಇಟ್ಟು, 22 ಎಂದು ಬರೆಯುತ್ತಿದ್ದಳು. ಇದು ಹನ್ನೆರಡರ ಬರಹ. ಇದಕ್ಕೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳು ಸಾಲವು. ಹತ್ತಕ್ಕೂ ಹನ್ನೊಂದಕ್ಕೂ ಒಂದೊಂದು ಗುರುತು ಬೇಕು. ಈ ಲೇಖನದ ಮಟ್ಟಿಗೆ ಹತ್ತಕ್ಕೆ ‘ಹ’ ಎಂದೂ ಹನ್ನೊಂದಕ್ಕೆ ‘ನ’ ಎಂದೂ ಇಟ್ಟುಕೊಳ್ಳೋಣ.

ಕನ್ನಡ ಓದುವ ಮಿತ್ರರು ಇದೆಲ್ಲ ತಮಗೆ ಹೊಸದೆಂದು ಭಾವಿಸಬೇಕಾಗಿಲ್ಲ. ಛಂದಸ್ಸಿನ ಪಾಠದಲ್ಲಿ ನಾವೆಲ್ಲರೂ ಎರಡರ ಬರಹವನ್ನು ಕಲಿತೇ ಇದ್ದೇವೆ, ಹೆಸರು ಮಾತ್ರ ತಿಳಿದಿರಲಿಲ್ಲ. ಲಘುವಿಗೆ 0, ಗುರುವಿಗೆ 1 ಎಂದು ಇಟ್ಟು ಅಕ್ಷರಗಣಗಳನ್ನು ಸಾಲಾಗಿ ಬರೆಯಿರಿ: ನಗಣ 000, ಸಗಣ 001, ಜಗಣ 010, ಯಗಣ 011, ಭಗಣ 100, ರಗಣ 101, ತಗಣ 110, ಮಗಣ 111. ಎರಡರ ಕಟ್ಟಿನಲ್ಲಿ ಇವು ಸೊನ್ನೆಯಿಂದ ಏಳರವರೆಗಿನ ಸಂಖ್ಯೆಗಳೇ ಆಗಿವೆ. ಗಣಗಳು ಎಂಟೇ ಏಕೆ, ಒಂಬತ್ತು ಏಕಿಲ್ಲ ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ: ಎರಡರ ಬರಹದಲ್ಲಿ ಮೂರು ಸ್ಥಾನಗಳಿಗೆ ಎಂಟಕ್ಕಿಂತ ಹೆಚ್ಚು ರೂಪಗಳು ಸಾಧ್ಯವಿಲ್ಲ. ಇಂದು ಗಣಕಯಂತ್ರವೂ ನಮ್ಮ ಕೈಯ ಮೊಬೈಲೂ ಲೆಕ್ಕ ಮಾಡುವುದು ಈ ಎರಡರ ಬರಹದಲ್ಲಿಯೇ.

ಈಗ ಒಂದು ಪ್ರಸಿದ್ಧ ಸಂಖ್ಯೆಯನ್ನು ತೆಗೆದುಕೊಂಡು ಬೇರೆ ಉಡುಪಿನಲ್ಲಿ ನೋಡೋಣ. ಶ್ರೀನಿವಾಸ ರಾಮಾನುಜನ್ ಅವರು 1914ರಿಂದ 1919ರವರೆಗೆ ಇಂಗ್ಲೆಂಡಿನಲ್ಲಿದ್ದಾಗ, ಖಾಯಿಲೆ ಮಲಗಿದ್ದ ಅವರನ್ನು ನೋಡಲು ಪ್ರೊಫೆಸರ್ ಹಾರ್ಡಿ ಒಂದು ಟ್ಯಾಕ್ಸಿಯಲ್ಲಿ ಬಂದ ಕಥೆ ಎಲ್ಲರಿಗೂ ತಿಳಿದದ್ದೇ. ಟ್ಯಾಕ್ಸಿಯ ಸಂಖ್ಯೆ 1729. ಅದು ತಮಗೆ ಸಪ್ಪೆಯಾಗಿ ಕಂಡಿತೆಂದು ಹಾರ್ಡಿ ಹೇಳಿದರು. ಅಲ್ಲ, ಎರಡು ಘನಗಳ ಮೊತ್ತವಾಗಿ ಎರಡು ಬೇರೆ ಬೇರೆ ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು ಎಂದು ರಾಮಾನುಜನ್ ಉತ್ತರ ಕೊಟ್ಟರು. ಹತ್ತರ ಘನ 1000, ಒಂಬತ್ತರ ಘನ 729, ಕೂಡಿದರೆ 1729. ಹನ್ನೆರಡರ ಘನ 1728, ಒಂದರ ಘನ 1, ಕೂಡಿದರೂ 1729. (ಈ ಸಂಗತಿ ಫ್ರಾನ್ಸಿನ ಫ್ರೆನಿಕ್ಲ್ ಎಂಬ ಗಣಿತಜ್ಞನಿಗೆ 1657ರಲ್ಲಿಯೇ ತಿಳಿದಿತ್ತು, ಅದರಿಂದ ರಾಮಾನುಜನ್ನರ ಹಿರಿಮೆಗೆ ಕುಂದಿಲ್ಲ.)

ಹತ್ತರ ಬರಹದಲ್ಲಿ 1729 ನಿಜಕ್ಕೂ ಸಾಧಾರಣವಾಗಿಯೇ ಕಾಣುತ್ತದೆ. ಅದನ್ನು ನನ್ನ ತಾಯಿಯ ಲೆಕ್ಕಕ್ಕೆ ತನ್ನಿ. ಹನ್ನೆರಡು ಗ್ರೋಸು 1728 ಬಳೆಗಳಾದವು. ಉಳಿದದ್ದು ಒಂದೇ ಬಳೆ. ಹನ್ನೆರಡು ಗ್ರೋಸು ಎಂದರೆ ಹನ್ನೆರಡರ ಬರಹದಲ್ಲಿ ನಾಲ್ಕನೆಯ ಸ್ಥಾನದ ಒಂದು. ಆದುದರಿಂದ ಅಲ್ಲಿ 1729ನ್ನು 1001 ಎಂದು ಬರೆಯಬೇಕು! ಈ ಉಡುಪಿನಲ್ಲಿ ಅದನ್ನು ಸಪ್ಪೆಯೆನ್ನುವ ಧೈರ್ಯ ಯಾರಿಗುಂಟು? ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಸಾವಿರದ ಸ್ಥಾನದಲ್ಲಿ ಒಂದು ಘನ, ಬಿಡಿಯ ಸ್ಥಾನದಲ್ಲಿ ಇನ್ನೊಂದು ಘನ. ‘ಹನ್ನೆರಡರ ಘನಕ್ಕೆ ಒಂದು ಕೂಡಿಸಿದೆ’ ಎಂಬ ರಹಸ್ಯವನ್ನು ಅದು ಹಣೆಯ ಮೇಲೆಯೇ ಬರೆದುಕೊಂಡಿದೆ. ಹತ್ತರ ಬರಹದಲ್ಲಾದರೋ ಇನ್ನೊಂದು ರಹಸ್ಯ ತೆರೆದಿದೆ: 1729 ಎಂದರೆ 1000 ಮತ್ತು 729. ಒಂದು ಉಡುಪು ಒಂದು ಸತ್ಯವನ್ನು ತೋರಿಸಿ ಇನ್ನೊಂದನ್ನು ಮುಚ್ಚಿತು. ಇನ್ನೊಂದು ಉಡುಪು ಮುಚ್ಚಿದ್ದನ್ನು ತೆರೆದು ತೆರೆದದ್ದನ್ನು ಮುಚ್ಚಿತು. ಸಂಖ್ಯೆಯಾದರೋ ಎರಡರಲ್ಲಿಯೂ ಒಂದೇ. ರಾಮಾನುಜನ್ನರಿಗೆ ಉಡುಪಿನಾಚೆಯ ಸಂಖ್ಯೆಯೇ ಪರಿಚಯವಿದ್ದುದರಿಂದ ಎರಡು ಸತ್ಯಗಳೂ ಒಟ್ಟಿಗೆ ಕಂಡವು.

ಹಾಗಾದರೆ ಯಾವುದು ಸಂಖ್ಯೆಯ ಗುಣ, ಯಾವುದು ಬರಹದ ಗುಣ ಎಂದು ತಿಳಿಯುವ ಬಗೆ ಹೇಗೆ? ಉಡುಪು ಬದಲಿಸಿ ನೋಡುವುದೇ ಪರೀಕ್ಷೆ. 1729ರ ಅಂಕಿಗಳನ್ನು ಕೂಡಿದರೆ 19. ಆ ಹತ್ತೊಂಬತ್ತರಿಂದ 1729 ನಿಶ್ಶೇಷವಾಗಿ ಭಾಗವಾಗುತ್ತದೆ, ಭಾಗಲಬ್ಧ 91. ತನ್ನ ಅಂಕಿಗಳ ಮೊತ್ತದಿಂದ ಹೀಗೆ ಭಾಗವಾಗುವ ಸಂಖ್ಯೆಗಳಿಗೆ ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಪ್ರೇಕರರು (1905–1986) ‘ಹರ್ಷದ’ ಎಂಬ ಸೊಗಸಾದ ಹೆಸರನ್ನು ಕೊಟ್ಟರು. ಹನ್ನೆರಡರ ಬರಹದಲ್ಲಿ ಏನಾಗುತ್ತದೆ? 1001ರ ಅಂಕಿಗಳ ಮೊತ್ತ ಎರಡು, ಸಂಖ್ಯೆ ಬೆಸ, ಎರಡರಿಂದ ಭಾಗವಾಗದು. ಹರ್ಷ ಹಾರಿಹೋಯಿತು! ಎಂಟರ ಬರಹದಲ್ಲಿ ಅದೇ ಸಂಖ್ಯೆ 3301, ಮೊತ್ತ ಏಳು, 1729 ಏಳರಿಂದ ಭಾಗವಾಗುತ್ತದೆ, ಹರ್ಷ ಮರಳಿ ಬಂದಿತು. ಅಂಗಿ ಬದಲಿಸಿದಂತೆ ಬಂದು ಹೋಗುವ ಈ ಗುಣ ಬರಹದ್ದು. ಆದರೆ ಏಳು, ಹದಿಮೂರು, ಹತ್ತೊಂಬತ್ತುಗಳನ್ನು ಗುಣಿಸಿದರೆ 1729 ಬರುತ್ತದೆ ಎಂಬುದೂ, ಅದು ಬೆಸ ಎಂಬುದೂ, ಎರಡು ರೀತಿಯಲ್ಲಿ ಘನಗಳ ಮೊತ್ತವೆಂಬುದೂ ಯಾವ ಬರಹದಲ್ಲಿಯೂ ಅಳಿಯವು. ಅವು ಸಂಖ್ಯೆಯವು.

ಸಮ ಬೆಸಗಳನ್ನು ಗುರುತಿಸುವ ನಮ್ಮ ಉಪಾಯ ಕೂಡ ಬರಹದ್ದೇ. ಕೊನೆಯ ಅಂಕಿ ನೋಡಿ ಸಮವೋ ಬೆಸವೋ ಹೇಳುವುದನ್ನು ಒಂದನೆಯ ತರಗತಿಯಿಂದ ಕಲಿತಿದ್ದೇವೆ. ಒಂಬತ್ತರ ಬರಹದಲ್ಲಿ ಹತ್ತನ್ನು 11 ಎಂದು ಬರೆಯಬೇಕಾಗುತ್ತದೆ: ಒಂದು ಒಂಬತ್ತು, ಒಂದು ಬಿಡಿ. ಕೊನೆಯ ಅಂಕಿ ಬೆಸ, ಸಂಖ್ಯೆ ಮಾತ್ರ ಸಮ. ಹತ್ತು ಸಮವಾಗಿರುವುದು ಅದನ್ನು ಇಬ್ಬರಿಗೆ ಸರಿಯಾಗಿ ಹಂಚಬಹುದಾದುದರಿಂದ, ಅದರ ಬಾಲದಲ್ಲಿ ಸೊನ್ನೆ ಇರುವುದರಿಂದಲ್ಲ.

ಇವೆರಡರ ನಡುವೆ ಮೂರನೆಯ ಬಗೆಯೊಂದಿದೆ. ನನಗೆ ಎಲ್ಲಕ್ಕಿಂತ ಹಿಡಿಸಿದುದು ಅದೇ. 121 ಎಂದು ಬರೆಯಿರಿ. ನಮ್ಮ ಬರಹದಲ್ಲಿ ಅದು ಹನ್ನೊಂದರ ವರ್ಗ. ಮೂರರ ಬರಹವೆಂದು ಓದಿದರೆ ಅದು ಹದಿನಾರು, ನಾಲ್ಕರ ವರ್ಗ; ಎಂಟರ ಬರಹವೆಂದು ಓದಿದರೆ ಎಂಬತ್ತೊಂದು, ಒಂಬತ್ತರ ವರ್ಗ; ಹನ್ನೆರಡರಲ್ಲಿ 169, ಹದಿಮೂರರ ವರ್ಗ. ಎರಡಕ್ಕಿಂತ ದೊಡ್ಡದಾದ ಯಾವ ಕಟ್ಟಿನಲ್ಲಿ ಓದಿದರೂ 121 ವರ್ಗವೇ! ಹಾಗೆಯೇ 1001. ನಮ್ಮ ಬರಹದಲ್ಲಿ ಅದು 11ರಿಂದ ಭಾಗವಾಗುತ್ತದೆ, ಭಾಗಲಬ್ಧ 91. ಹನ್ನೆರಡರ ಬರಹದ 1001, ಅಂದರೆ ನಮ್ಮ 1729, ಅಲ್ಲಿಯ 11ರಿಂದ, ಅಂದರೆ ನಮ್ಮ ಹದಿಮೂರರಿಂದ ಭಾಗವಾಗುತ್ತದೆ; ಭಾಗಲಬ್ಧ 133, ಅದನ್ನು ಅಲ್ಲಿ ನ1 ಎಂದು ಬರೆಯಬೇಕು. ಎರಡರ ಬರಹದಲ್ಲಿ 1001 ಎಂದರೆ ಒಂಬತ್ತು, 11 ಎಂದರೆ ಮೂರು, ಅಲ್ಲಿಯೂ ಭಾಗವಾಯಿತು. ಇಲ್ಲಿ ಸಂಖ್ಯೆ ಬದಲಾಗುತ್ತಿದೆ, ಉಡುಪಿನ ಆಕಾರ ಮಾತ್ರ ಒಂದೇ. ಆದರೂ ನಿಯಮ ನಿಲ್ಲುತ್ತದೆ. ಯಾವ ಸಂಖ್ಯೆಯ ಘನಕ್ಕೇ ಆಗಲಿ ಒಂದು ಕೂಡಿಸಿದರೆ, ಬಂದದ್ದು ಆ ಸಂಖ್ಯೆಗೆ ಒಂದು ಕೂಡಿಸಿದುದರಿಂದ ಭಾಗವಾಗುತ್ತದೆ ಎಂಬ ಬೀಜಗಣಿತದ ಸತ್ಯವೇ ಇದರ ಒಳಗಿನ ಮರ್ಮ. ಪ್ರೌಢಶಾಲೆಯಲ್ಲಿ ಅಂಕಗಳಿಗಾಗಿ ಬಾಯಿಪಾಠ ಮಾಡಿ ಮರೆತ ಸೂತ್ರವೊಂದು ಹೀಗೆ ಜೀವ ತಳೆದು ಎದುರಿಗೆ ಬರುವುದು ಸಣ್ಣ ಸಂತೋಷವಲ್ಲ.

ಬರಹದ ಗುಣಗಳನ್ನು ನಾನು ಹಳಿಯುತ್ತಿದ್ದೇನೆಂದು ಯಾರೂ ತಿಳಿಯಬಾರದು. ಅವುಗಳಲ್ಲಿ ಆಟದ ಸೊಗಸಿದೆ; ಆ ಸೊಗಸನ್ನು ಕನ್ನಡ ನಾಡು ಬಹಳ ಹಿಂದೆಯೇ ಕಂಡಿದೆ. ‘ಕವಿರಾಜಮಾರ್ಗ’ ಹುಟ್ಟಿದ ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿಯೇ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅದರ ಗುಣಾಕಾರದ ಭಾಗದಲ್ಲಿ, ಉತ್ತರವು ಹಾರದಂತೆ ಎರಡು ಕಡೆಯಿಂದಲೂ ಒಂದೇ ಆಗಿ ಬರುವ ಲೆಕ್ಕಗಳನ್ನು ಅವನು ಪೋಣಿಸಿ ಕೊಟ್ಟಿದ್ದಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು, 11111111. ಇಂಥವನ್ನು ಆತ ಕೊರಳ ಹಾರಕ್ಕೆ ಹೋಲಿಸಿದನು. ಮಕ್ಕಳಿಗೆ ಗುಣಾಕಾರದ ಬೇಸರ ಕಳೆಯಲು ಇದಕ್ಕಿಂತ ಚೆಲುವಾದ ಉಪಾಯ ಉಂಟೆ? ಆದರೆ 15151ನ್ನು ಹನ್ನೆರಡರ ಬರಹಕ್ಕೆ ತಂದರೆ ಅದು 8927 ಆಗುತ್ತದೆ. ದಾರ ಕಡಿದು ಮಣಿಗಳು ಚೆದರಿದವು. ಅದು 139 ಮತ್ತು 109ರ ಗುಣಲಬ್ಧವೆಂಬುದು ಮಾತ್ರ ಉಳಿಯಿತು. ಹಾರ ಹಾರವೇ; ಕೊರಳು ಕೊರಳೇ. ಮಹಾವೀರನೂ ಕಪ್ರೇಕರರೂ ಆಟವನ್ನು ಆಟವಾಗಿಯೇ ಆಡಿ ನಮಗೆ ಆನಂದ ಕೊಟ್ಟರು. ಆ ಅಂಕಿಗಳಿಂದ ಯಾರ ಮದುವೆಯನ್ನೂ ನಿಲ್ಲಿಸಲಿಲ್ಲ, ಯಾರ ಅಂಗಡಿಯನ್ನೂ ಮುಚ್ಚಿಸಲಿಲ್ಲ.

ಅಂಗಡಿ ಮುಚ್ಚಿಸುವವರು ಬೇರೆ ಇದ್ದಾರೆ. ನನ್ನ ಅಕ್ಕ ಕಳೆದ ವರ್ಷ ಸ್ವಸಹಾಯ ಸಂಘದಿಂದ ಸಾಲ ತೆಗೆದು ಒಂದು ಹೊಲಿಗೆ ಅಂಗಡಿ ಇಡಲು ಮಳಿಗೆಯೊಂದನ್ನು ಹಿಡಿದಳು. ಮುಂಗಡ ಕೊಟ್ಟಾಗಿತ್ತು. ಮಳಿಗೆಯ ಸಂಖ್ಯೆ 26. ಅಂಕಿಗಳ ಫಲ ಹೇಳುವ ಒಬ್ಬರು ನೋಡಿ, ಎರಡೂ ಆರೂ ಎಂಟು, ಎಂಟು ಶನಿಯ ಸಂಖ್ಯೆ, ಇಲ್ಲಿ ವ್ಯಾಪಾರ ಏಳಿಗೆಯಾಗದು ಎಂದರು. ಪರಿಹಾರವೂ ಅವರಲ್ಲಿಯೇ ಇತ್ತು. ಅದಕ್ಕೆ ಕೇಳಿದ ಹಣ ಹೊಲಿಗೆಯಂತ್ರದ ಎರಡು ಕಂತುಗಳಿಗಿಂತ ಹೆಚ್ಚು. ಅಕ್ಕನ ಹೆಸರಿನ ಇಂಗ್ಲಿಷ್ ಬರಹಕ್ಕೆ ಇನ್ನೊಂದು ಅಕ್ಷರ ಸೇರಿಸಬೇಕೆಂದೂ ಸೂಚಿಸಿದರು. ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮುಂಗಡ ಹೋದರೂ ಹೋಗಲಿ, ಮಳಿಗೆ ಬಿಟ್ಟುಬಿಡೋಣ ಎಂಬಲ್ಲಿಗೆ ಮಾತು ಬಂದಿತು. ನಮ್ಮ ಮನೆತನದಲ್ಲಿ ಕಾಲೇಜಿನ ಮುಖ ಕಂಡವಳು ನಾನೊಬ್ಬಳೇ. ‘ನೀನು ಓದಿದವಳು, ನೀನೇ ಹೇಳು’ ಎಂದು ಅಪ್ಪ ನನ್ನ ಕಡೆ ತಿರುಗಿದರು.

ನಾನು ಹೇಳಿದುದನ್ನೇ ಇಲ್ಲಿ ಬರೆಯುತ್ತೇನೆ. ಅಂಕಿಗಳನ್ನು ಕೂಡಿ, ಬಂದದ್ದನ್ನು ಮತ್ತೆ ಕೂಡಿ ಒಂದಂಕಿಗೆ ಇಳಿಸುವುದರಲ್ಲಿ ಯಾವ ಮಾಯೆಯೂ ಇಲ್ಲ. ಹತ್ತರ ಒಂದು ಕಟ್ಟಿನಿಂದ ಒಂಬತ್ತನ್ನು ತೆಗೆದರೆ ಉಳಿಯುವುದು ಒಂದು. ಎರಡು ಕಟ್ಟುಗಳಿಂದ ಎರಡು ಒಂಬತ್ತು ತೆಗೆದರೆ ಉಳಿಯುವುದು ಎರಡು. ಅದಕ್ಕೆ ಬಿಡಿ ಆರು ಸೇರಿದರೆ ಎಂಟು. ಎಂದರೆ, ಅವರು ಕೂಡಿ ಕಂಡುಹಿಡಿದದ್ದು 26ನ್ನು ಒಂಬತ್ತರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು, ಅಷ್ಟೇ. ಒಂಬತ್ತೇ ಏಕೆಂದರೆ ಅದು ಹತ್ತಕ್ಕೆ ಒಂದು ಕಡಿಮೆ. ಹನ್ನೆರಡರ ಬರಹದಲ್ಲಿ ಇದೇ ಕೂಡುವಿಕೆ ಹನ್ನೊಂದರಿಂದ ಭಾಗಿಸಿದ ಶೇಷವನ್ನು ಕೊಡುತ್ತದೆ. ಅಲ್ಲಿ ನಮ್ಮ ಮಳಿಗೆಯ ಸಂಖ್ಯೆ 22, ಮೊತ್ತ ನಾಲ್ಕು. ಎಂಟರ ಬರಹದಲ್ಲಿ 32, ಮೊತ್ತ ಐದು. ಒಂಬತ್ತರ ಬರಹದಲ್ಲಿ 28. ಮೊತ್ತ ಹತ್ತು, ಅದನ್ನು ಅಲ್ಲಿ 11 ಎಂದು ಬರೆದು ಮತ್ತೆ ಕೂಡಿದರೆ ಎರಡು. ಒಂದೇ ಮಳಿಗೆ, ಅದೇ ನಾಲ್ಕು ಗೋಡೆ, ಅದೇ ಬಾಗಿಲು; ಎಂಟು, ನಾಲ್ಕು, ಐದು, ಎರಡು! ಶನಿಯಾದರೂ ಯಾವ ಬರಹವನ್ನು ನೋಡಿಕೊಂಡು ಬರಬೇಕು?

ತಾಯಿ ಇಷ್ಟೆಲ್ಲ ಕೇಳಿಸಿಕೊಂಡು, ‘ಇಪ್ಪತ್ತಾರು ಅಂದ್ರೆ ಎರಡು ಡಜನ್ನು, ಮೇಲೆ ಎರಡು ಬಳೆ. ಇದರಲ್ಲಿ ಶನಿ ಎಲ್ಲಿ ಬಂದ ಕಣೇ?’ ಎಂದಳು. ನನ್ನ ಅರ್ಧ ಗಂಟೆಯ ವ್ಯಾಖ್ಯಾನವನ್ನು ಅವಳು ಒಂದು ವಾಕ್ಯದಲ್ಲಿ ಮುಗಿಸಿದಳು. ಅಕ್ಕ ಮಳಿಗೆಯನ್ನು ಉಳಿಸಿಕೊಂಡಳು. ಆಕೆಯ ವ್ಯಾಪಾರ ಚೆನ್ನಾಗಿ ನಡೆದರೆ ಅದಕ್ಕೆ ಅವಳ ಹೊಲಿಗೆ ಕಾರಣ. ನಡೆಯದಿದ್ದರೆ ಪೇಟೆಯಲ್ಲಿ ಸಿದ್ಧ ಉಡುಪಿನ ಅಂಗಡಿಗಳು ಹೆಚ್ಚಿದುದು ಕಾರಣವಾದೀತು. ಎರಡಕ್ಕೂ ಬಾಗಿಲ ಮೇಲಿನ ಅಂಕಿಯನ್ನು ಹೊಣೆ ಮಾಡುವುದು ಮಾತ್ರ ನ್ಯಾಯವಲ್ಲ.

ಹೆಸರಿನ ಅಕ್ಷರಗಳ ಮಾತು ಇನ್ನೂ ವಿಚಿತ್ರವಾದುದು. ಅಕ್ಕನ ಹೆಸರು ಕನ್ನಡದ್ದು; ಕರೆಯುವವರು ಕನ್ನಡದವರು; ಕನ್ನಡದಲ್ಲಿ ಬರೆದರೆ ಉಚ್ಚರಿಸಿದಂತೆಯೇ ಬರುತ್ತದೆ. ಆದರೆ ಅದೃಷ್ಟದ ಲೆಕ್ಕಕ್ಕೆ ಬೇಕಾದುದು ಇಂಗ್ಲಿಷ್ ಅಕ್ಷರಗಳು! ಉಡುಪಿನ ಮೇಲೆ ಇನ್ನೊಂದು ಉಡುಪು. ಹೆಸರಿನ ಬರಹಕ್ಕೆ ಒಂದು ಅಕ್ಷರ ಕೂಡಿಸಿದರೆ ಅದೃಷ್ಟ ಬದಲಾಗದು; ಅಂಕಪಟ್ಟಿ, ಗುರುತಿನ ಚೀಟಿ, ಬ್ಯಾಂಕಿನ ಪುಸ್ತಕ ಇವು ಒಂದಕ್ಕೊಂದು ತಾಳೆಯಾಗದೆ ಕಚೇರಿಗಳ ಅಲೆದಾಟ ಮಾತ್ರ ಹೆಚ್ಚುತ್ತದೆ. ಪದವಿ ಪ್ರಮಾಣಪತ್ರಕ್ಕೆ ಹೆಸರು ಬರೆದುಕೊಡಲಿರುವ ನನ್ನ ಸಹಪಾಠಿಗಳು ಈ ಮಾತನ್ನು ನೆನಪಿನಲ್ಲಿಡಬೇಕು.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾನು ಬಲ್ಲೆ. ‘ಅನುಭವದಿಂದ ಕಂಡಿದ್ದೇವೆ, ಎಂಟು ಕೆಟ್ಟದ್ದು’ ಎನ್ನುವವರಿದ್ದಾರೆ. ಮೊತ್ತ ಎಂಟಾಗುವ ಸಂಖ್ಯೆಗಳು ವಿರಳವಲ್ಲ. 8, 17, 26, 35, 44 ಹೀಗೆ ಪ್ರತಿ ಒಂಬತ್ತಕ್ಕೊಂದು ಬರುತ್ತದೆ. ನಾವು ಎಸ್.ಎಸ್.ಎಲ್.ಸಿ. ಬರೆದಾಗ ತೇರ್ಗಡೆಗೆ ನೂರಕ್ಕೆ 35 ಅಂಕ ಬೇಕಿತ್ತು. ಅದರ ಮೊತ್ತ ಎಂಟು. ಆ ಎಂಟು ಎಷ್ಟು ಜನರನ್ನು ದಡ ಸೇರಿಸಿಲ್ಲ! ನಮ್ಮ ಗಣರಾಜ್ಯ ಹುಟ್ಟಿದುದು 1950ರ ಜನವರಿ 26ರಂದು. 2004ರ ಡಿಸೆಂಬರ್ 26ರಂದೇ ಸುನಾಮಿ ಬಂದಿತಲ್ಲಾ ಎಂದು ಎದುರುವಾದಿ ಹೇಳಬಹುದು. ಹೇಳಲಿ; ನನ್ನ ವಾದವೂ ಅದೇ. ತಿಂಗಳಿಗೊಮ್ಮೆ ಇಪ್ಪತ್ತಾರು ಬರುತ್ತದೆ. ಒಳ್ಳೆಯದನ್ನು ಹುಡುಕುವವನಿಗೆ ಒಳ್ಳೆಯದೂ ಕೆಟ್ಟದ್ದನ್ನು ಹುಡುಕುವವನಿಗೆ ಕೆಟ್ಟದ್ದೂ ಅದರಲ್ಲಿ ಸಿಕ್ಕೇ ಸಿಗುತ್ತದೆ.

‘ನಂಬಿಕೆಯಿಂದ ಜನಕ್ಕೆ ಧೈರ್ಯ ಬರುತ್ತದೆ, ಬಡವರ ಧೈರ್ಯವನ್ನು ಏಕೆ ಕೆಡಿಸುವಿರಿ?’ ಎಂದು ಕೇಳುವ ಸಜ್ಜನರೂ ಇದ್ದಾರೆ. ಅವರ ಅಂತಃಕರಣವನ್ನು ಗೌರವಿಸುತ್ತೇನೆ. ಆದರೆ ನಾನು ಕಂಡದ್ದು ಧೈರ್ಯವನ್ನಲ್ಲ, ಎರಡು ದಿನದ ಉಪವಾಸವನ್ನು. ಮೊದಲು ಭಯವನ್ನು ಮಾರಿ, ಆಮೇಲೆ ಅದೇ ಭಯಕ್ಕೆ ಔಷಧವನ್ನು ಮಾರುವುದು ಧೈರ್ಯ ತುಂಬುವ ರೀತಿಯಲ್ಲ. ದೇವರಲ್ಲಿ ನಂಬಿಕೆ, ಹಿರಿಯರ ಆಚಾರ ಇವುಗಳ ಗೋಜಿಗೆ ಈ ಲೇಖನ ಹೋಗುವುದಿಲ್ಲ. ಬರಹದ ಗುಣವನ್ನು ಸಂಖ್ಯೆಯ ಗುಣವೆಂದು ತೋರಿಸಿ ಹಣ ಪಡೆಯುವುದನ್ನು ಮಾತ್ರ ನಾನು ಆಕ್ಷೇಪಿಸುತ್ತಿದ್ದೇನೆ.

ಇನ್ನೊಂದು ಮಾತನ್ನು ಹೇಳದಿದ್ದರೆ ಲೇಖನ ಅರ್ಧವಾದೀತು. 1729ನ್ನು ಸಪ್ಪೆಯಲ್ಲವೆಂದು ಹೇಳಿದ ರಾಮಾನುಜನ್ 1904ರಲ್ಲಿ ಸೇರಿದುದು ನಮ್ಮದರಂತೆಯೇ ಒಂದು ಸರ್ಕಾರಿ ಕಾಲೇಜನ್ನು, ಕುಂಭಕೋಣದಲ್ಲಿ. ಗಣಿತವೊಂದರಲ್ಲಿಯೇ ಮುಳುಗಿ ಉಳಿದ ವಿಷಯಗಳಲ್ಲಿ ಸೋತು ಅವರು ವಿದ್ಯಾರ್ಥಿವೇತನವನ್ನು ಕಳೆದುಕೊಂಡರು. ಅದೇ ವ್ಯಕ್ತಿಗೆ ಕೇಂಬ್ರಿಜ್ 1916ರಲ್ಲಿ ಪದವಿಯನ್ನು ಕೊಟ್ಟಿತು. 1918ರಲ್ಲಿ ರಾಯಲ್ ಸೊಸೈಟಿ ತನ್ನ ಸದಸ್ಯನನ್ನಾಗಿ ಆರಿಸಿತು. ಒಂದು ಕಡೆಯ ಬರಹದಲ್ಲಿ ಅನುತ್ತೀರ್ಣ, ಇನ್ನೊಂದು ಕಡೆಯ ಬರಹದಲ್ಲಿ ಮೇಧಾವಿ, ಮನುಷ್ಯ ಒಬ್ಬನೇ. ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಬರಹವಿಲ್ಲದೆ ಸಂಖ್ಯೆಯನ್ನು ಹೇಗೆ ಹಿಡಿಯಲಾಗದೋ ಹಾಗೆಯೇ ಅಳತೆಯಿಲ್ಲದೆ ವಿದ್ಯೆಯನ್ನು ಹಿಡಿಯುವುದು ಕಷ್ಟ. ಆದರೆ ಹಳ್ಳಿಯಿಂದ ಬಂದು ಇಂಗ್ಲಿಷಿನಲ್ಲಿ ತಡವರಿಸುವ ಗೆಳೆಯನನ್ನು ದಡ್ಡನೆನ್ನುವ ಮೊದಲು, ಅವನ ಭಾಷೆಯಲ್ಲಿ ಒಮ್ಮೆ ಅವನನ್ನು ಓದಿ ನೋಡುವುದು ಒಳ್ಳೆಯದು. 1729 ಎಂದು ಕಂಡದ್ದು 1001 ಆಗಿದ್ದರೂ ಇರಬಹುದು.

ಕೊನೆಗೆ ಕಾಲೇಜಿನವರಲ್ಲಿ ಒಂದು ವಿನಂತಿ. ಕಲಾ ವಿಭಾಗದ ನಮಗೆ ವರ್ಷಕ್ಕೆ ಒಂದೇ ಒಂದು ಗಂಟೆ ಗಣಿತ ವಿಭಾಗದ ಗುರುಗಳು ಸಂಖ್ಯೆಗಳ ಕುರಿತು ಉಪನ್ಯಾಸ ಕೊಡುವಂತಾಗಬೇಕು. ಪರೀಕ್ಷೆ ಬೇಡ, ಅಂಕ ಬೇಡ. ಪ್ರತಿಯಾಗಿ ನಮ್ಮ ಕನ್ನಡ ಗುರುಗಳು ಅವರ ವಿದ್ಯಾರ್ಥಿಗಳಿಗೆ ಲಘು ಗುರುಗಳ ಪ್ರಸ್ತಾರವನ್ನು ಹೇಳಿಕೊಡಲಿ. ಎರಡೂ ಕಡೆಯವರು ಒಂದೇ ಮನೆಯವರೆಂಬುದು ಆಗ ತಿಳಿದೀತು. ಸಹಪಾಠಿಗಳಲ್ಲಿ ಕೇಳಿಕೊಳ್ಳುವುದು ಇನ್ನೂ ಸಣ್ಣದು. ನಿಮ್ಮ ಹುಟ್ಟಿದ ತಾರೀಖನ್ನೋ ಮನೆಯ ಸಂಖ್ಯೆಯನ್ನೋ ನೋಡಿ ಯಾರಾದರೂ ತಲೆಯಾಡಿಸಿದರೆ, ಒಂದು ಚೀಟಿಯ ಮೇಲೆ ಅದನ್ನು ಹನ್ನೆರಡರ ಬರಹದಲ್ಲಿ ಬರೆದು ಅವರ ಮುಂದೆ ಇಡಿ. ಫಲ ಯಾವುದಕ್ಕೆ, ಸಂಖ್ಯೆಗೋ ಬರಹಕ್ಕೋ ಎಂದು ವಿನಯದಿಂದ ಕೇಳಿ. ನಮ್ಮ ಮನೆಗಳಲ್ಲಿ ಮೊದಲ ಸಲ ಪದವಿ ಪಡೆಯುತ್ತಿರುವ ನಾವು ಆ ಒಂದು ಪ್ರಶ್ನೆಯನ್ನು ಊರಿಗೆ ಹೊತ್ತುಕೊಂಡು ಹೋದರೂ, ಈ ಮೂರು ವರ್ಷ ನಮಗಾಗಿ ಖರ್ಚು ಮಾಡಿದವರ ಋಣದಲ್ಲಿ ಒಂದಾಣೆಯಷ್ಟನ್ನಾದರೂ ತೀರಿಸಿದಂತಾದೀತು.